ಆ ಮಧ್ಯಾಹ್ನ ಸೈರನ್ ಕೂಗಲಿಲ್ಲ

“ಇವತ್ತು ಸೈರನ್ ಕೂಗೋದನ್ನೇ ಮರೆತಿದೆ, ನಿಮ್ಮ ಅದೃಷ್ಟ. ಇನ್ನೆರಡು ಪರಿಣಾಮ ಬರೀರಿ!” ಎಂದು ನಕ್ಕೆ. ಮಕ್ಕಳೂ ನಕ್ಕರು. ಪೀಣ್ಯದ ನಮ್ಮ ಹೈಸ್ಕೂಲಿನಲ್ಲಿ ಇತಿಹಾಸದ ಪ್ರಬಂಧ ಬರೆಸಿ ಪರೀಕ್ಷೆಗೆ ತಯಾರು ಮಾಡುವಾಗ ಪಕ್ಕದ ಕಾರ್ಖಾನೆಯ ಸೈರನ್ನೇ ನನಗೆ ಗಡಿಯಾರ. ಅದು ಕೂಗಿದರೆ ಎಲ್ಲರೂ ಪೆನ್ನು ಕೆಳಗಿಡಬೇಕು. ಅಂದಿನ ಪ್ರಶ್ನೆ, ಕೈಗಾರಿಕಾ ಕ್ರಾಂತಿಯ ಪರಿಣಾಮಗಳು.

ಕಿಟಕಿಯ ಬಳಿ ಕೂತಿದ್ದ ಲಕ್ಷ್ಮಿ ಮಾತ್ರ ಬರೆಯುತ್ತಿರಲಿಲ್ಲ. “ಯಾಕೆ, ಓದಿದ್ದೆಲ್ಲಾ ಮರೆತುಹೋಯ್ತಾ?” ಎಂದು ಗದರಿದೆ. ಅವಳು ಎದ್ದು ನಿಂತಳು.

“ಇಲ್ಲ ಮಿಸ್. ಅಪ್ಪ ಅಲ್ಲೇ ಕೆಲ್ಸ ಮಾಡೋದು. ಫ್ಯಾಕ್ಟ್ರಿ ಬಾಗಿಲು ಹಾಕ್ತಾರೆ ಅಂತ ಹೇಳ್ತಿದ್ರು. ಇವತ್ತೇ ಹಾಕ್ಬಿಟ್ರು ಅನ್ಸತ್ತೆ.”

ಮರುದಿನ ಮನೆಯ ಅಲಾರಂ ಗಡಿಯಾರ ತೆಗೆದುಕೊಂಡು ಹೋದೆ. ಲಕ್ಷ್ಮಿಯ ಎದುರು ಮೇಜಿನ ಮೇಲಿಡಲು ನಾಚಿಕೆಯಾಗಿ ಚೀಲದಲ್ಲೇ ಬಿಟ್ಟೆ. ಅದರ ಟಿಕ್ ಟಿಕ್ ಇಡೀ ತರಗತಿಗೆ ಕೇಳಿಸುತ್ತಿತ್ತು.