ನನ್ನ ತಮ್ಮನ ಎಡಗಾಲು

ನನ್ನ ತಮ್ಮ ಮೋಹನ ಒಂದು ಕಡೆ ಕೂತು ಪೂರ್ತಿ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಇರುವಾಗಲೇ ಎದ್ದು ಬಾಗಿಲಿಗೆ ಹೋಗಿ, ಯಾರು ಬಂದರು ಅಂತ ನೋಡುತ್ತಾನೆ. ಯಾರೂ ಬಂದಿರುವುದಿಲ್ಲ. ವಾಪಸು ಬಂದು ಇನ್ನೊಂದು ತುತ್ತು ನುಂಗಿ, ಟ್ರ್ಯಾಕ್ಟರಿನ ಡೀಸೆಲ್ ನೋಡಿ ಬರುತ್ತೇನೆ ಅಂತ ಹೊರಟೇಬಿಡುತ್ತಾನೆ. ಮದುವೆಮನೆಯಲ್ಲಿ ಪಂಕ್ತಿಗೆ ಕೂರಿಸಿದರೆ ಪಾಯಸ ಬರುವಷ್ಟರಲ್ಲಿ ಅವನ ಜಾಗ ಖಾಲಿ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಅಂತ ನಮ್ಮಮ್ಮ ಶಕುಂತಲಮ್ಮ ಸಿಕ್ಕಸಿಕ್ಕವರ ಹತ್ತಿರ ಹೇಳುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ಒಂದು ಹೆಮ್ಮೆಯೂ ಇರುತ್ತದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮಗಿರುವುದು ಒಂದಿಷ್ಟು ಬೆದ್ದಲು, ಒಂದು ತೆಂಗಿನ ತೋಟ, ಒಂದು ಟ್ರ್ಯಾಕ್ಟರ್. ಬೆದ್ದಲು ಮಳೆಯನ್ನು ನಂಬಿಕೊಂಡದ್ದು. ತೋಟದ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗಬೇಕು. ದಿನದ ಊಟ ಬರುತ್ತಿದ್ದುದು ಟ್ರ್ಯಾಕ್ಟರಿನಿಂದ. ಊರವರ ಹೊಲ ಉಳುವುದು, ಗೊಬ್ಬರ ಹೊಡೆಯುವುದು, ಕಾಯಿ ಸಾಗಿಸುವುದು ಎಲ್ಲ ಅದರದೇ ಕೆಲಸ. ಅದನ್ನು ಮೊದಲು ಓಡಿಸುತ್ತಿದ್ದವನು ನಮ್ಮಪ್ಪ ಬೀರಪ್ಪ.

ಭಾರ ತುಂಬಿದ ಟ್ರೈಲರನ್ನು ಏರಿಗೆ ಎಳೆಯುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟು ಏಳುವುದುಂಟು. ಆಗ ಎಡಗಾಲಿನ ಕ್ಲಚ್ಚನ್ನು ತಟ್ಟನೆ ತುಳಿದರೆ ಎಂಜಿನ್ನಿನ ಎಳೆತ ಬಿಟ್ಟುಹೋಗಿ ಮೂತಿ ಕೆಳಗಿಳಿಯುತ್ತದೆ. ಕಣ್ಣು ಮಿಟುಕಿಸುವಷ್ಟು ತಡವಾದರೆ ಇಡೀ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆ ಬೀಳುತ್ತದೆ. ಅಪ್ಪನಿಗೆ ಒಮ್ಮೆ ತಡವಾಯಿತು. ಕೆಳಗೆ ಹಳ್ಳವಿದ್ದು ಮೈ ಅದರೊಳಗೆ ಸೇರಿಕೊಂಡದ್ದರಿಂದ ಜೀವ ಉಳಿಯಿತು. ಮುರಿದ ಬಲಗಾಲು ಮೂಳೆ ಕೂಡಿಕೊಂಡು ಗಿಡ್ಡವಾಯಿತು, ಕೈಗೆ ಕೋಲು ಬಂತು. ಆಗ ಮೋಹನ ಮೀಸೆ ಚಿಗುರುತ್ತಿದ್ದ ಹುಡುಗ. ಓದು ಹತ್ತುವ ಪೈಕಿ ಅಲ್ಲ ಅನ್ನುವುದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ಮಗನನ್ನು ಟ್ರ್ಯಾಕ್ಟರ್ ಹತ್ತಿಸುವ ಮೊದಲು ಅಪ್ಪ ಅವನ ಎಡಗಾಲನ್ನು ಪಳಗಿಸಿದ. ನಿಲ್ಲಿಸಿದ ಗಾಡಿಯ ಮೇಲೆ ಕೂರಿಸಿ, ಏನೋ ಊರ ಸುದ್ದಿ ಮಾತಾಡುತ್ತಾ, ಇದ್ದಕ್ಕಿದ್ದಂತೆ "ಎದ್ತು!" ಅಂತ ಕೂಗುತ್ತಿದ್ದ. ಮೋಹನ ಎಡಗಾಲು ತುಳಿಯಬೇಕು. ಊಟಕ್ಕೆ ಕೂತಾಗ "ಎದ್ತು!" ಹಲ್ಲುಜ್ಜುವಾಗ "ಎದ್ತು!" ಮಲಗಿ ನಿದ್ದೆ ಹತ್ತಿದ ಮೇಲೂ ಒಮ್ಮೆ ಕೂಗಿದ. ಹುಡುಗ ಎಚ್ಚರವಾಗದೆ ಎಡಗಾಲಿನಿಂದ ಗೋಡೆಗೆ ಒದ್ದ. ಅವತ್ತು ಅಪ್ಪ, "ಇನ್ನು ಹತ್ತು ಕಣ್ಲಾ ಗಾಡೀನ," ಅಂದ. ನನ್ನ ಮದುವೆಯಾಗಿ ತರೀಕೆರೆಗೆ ಬಂದ ಮೇಲೂ ಯಾರಾದರೂ ಜೋರಾಗಿ ಕೂಗಿದರೆ ನನ್ನ ಎಡಗಾಲೇ ಅದುರುತ್ತಿತ್ತು ಅಂದರೆ ನಂಬುತ್ತೀರೋ ಇಲ್ಲವೋ.

ಆಮೇಲೆ ಎಷ್ಟೋ ವರ್ಷ ಆ ಕಾಲೇ ನಮ್ಮ ಮನೆ ಕಾಯಿತು. ಎಷ್ಟು ಏರಿನಲ್ಲಿ ಎಷ್ಟು ಸಲ ಮೂತಿ ಎದ್ದಿತೋ, ಅಷ್ಟು ಸಲವೂ ಇಳಿಯಿತು. ಆದರೆ ಗಂಟೆಗೆ ಮೂರು ಮೈಲಿ ಹೋಗುವ ಗಾಡಿಯ ಮೇಲೆ ದಿನವಿಡೀ ಕೂರುವುದು ಮೋಹನನಂಥವನಿಗೆ ಜೈಲು. ಹೊಲದ ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಒಂದು ದಿನ ಶಿವಮೊಗ್ಗಕ್ಕೆ ಹೋದವನು ನಾಲ್ಕು ಸಿಲಿಂಡರಿನ ಹಳೆಯ ಸ್ಪೋರ್ಟ್ಸ್ ಬೈಕೊಂದನ್ನು ಕೊಂಡುಕೊಂಡು ಬಂದ. ಅದರ ಸದ್ದಿಗೆ ತರೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕ ಇರುವ ನನ್ನ ಟೈಲರಿಂಗ್ ಅಂಗಡಿಯ ಗಾಜು ನಡುಗಿತು. ಬ್ಲೌಸ್ ಅಳತೆ ಕೊಡಲು ಬಂದ ಹೆಂಗಸರೆಲ್ಲ ಹೊರಗೆ ಓಡಿದರು. ನನ್ನ ತಮ್ಮ ಹೆಲ್ಮೆಟ್ ತೆಗೆದು ಹಲ್ಲು ಕಿರಿಯುತ್ತಾ ನಿಂತಿದ್ದ.

"ಹೆಂಗೈತೆ ಅಕ್ಕಾ?"

"ನಿನ್ನ ತಲೆ ಇದ್ದಂಗೈತೆ," ಅಂದೆ.

ಆನಂದನ ಗ್ಯಾರೇಜು ನನ್ನ ಅಂಗಡಿಯಿಂದ ಕೂಗಳತೆ ದೂರ. ಅವನು ಅಜ್ಜಂಪುರದ ಪುಟ್ಟಯ್ಯನವರ ಮಗ, ಮೋಹನನ ಜೊತೆ ಹೈಸ್ಕೂಲು ಓದಿದವನು. ಗ್ಯಾರೇಜಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸದಾ ಬಿಚ್ಚಿ ಹಾಕಿದ ಎಂಜಿನ್. ಬುದ್ಧನಷ್ಟೇ ಸಮಾಧಾನದ ಹುಡುಗ ಅಂತ ನಾನು ತಿಳಿದಿದ್ದೆ. ಅವನಿಗೆ ವೀಲಿಂಗ್ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಕಡೂರಿನ ಕಡೆ ಇನ್ನೂ ವಾಹನಕ್ಕೆ ಬಿಡದ ಹೊಸ ರಸ್ತೆಯ ಒಂದು ತುಂಡಿತ್ತು. ಅಲ್ಲಿ ಆನಂದ ಒಂದು ದಿನ ಮೋಹನನ ಬೈಕಿನ ಮುಂದಿನ ಚಕ್ರ ಎತ್ತಿ, ಹಿಂದಿನ ಒಂದೇ ಚಕ್ರದ ಮೇಲೆ ದೂರದವರೆಗೂ ಹೋಗಿ ಬಂದನಂತೆ. ಅವತ್ತಿನಿಂದ ನನ್ನ ತಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊಲ ಉತ್ತು ಸಂಜೆಗೆ ಮುಂಚೆ ಗಾಡಿ ನಿಲ್ಲಿಸಿ, ಕೈಕಾಲಿನ ಮಣ್ಣೂ ತೊಳೆಯದೆ ಬೈಕ್ ಹತ್ತಿಬಿಡುತ್ತಿದ್ದ.

ವಿಷಯ ನನ್ನ ಕಿವಿಗೆ ಬಿದ್ದದ್ದು ಅವನು ಮೊಣಕೈ ತರಚಿಕೊಂಡು ಬಂದಾಗ. ಮಾರನೆಯ ಭಾನುವಾರ ಮಧ್ಯಾಹ್ನ ಬಸ್ಸು ಹಿಡಿದು, ಇಳಿದು, ಬಿಸಿಲಲ್ಲಿ ನಡೆದು ಆ ರಸ್ತೆಗೇ ಹೋದೆ. ಕಿವಿ ಹಿಡಿದು ಎಳೆದುಕೊಂಡು ಬರುವುದೇ ನನ್ನ ಉದ್ದೇಶವಾಗಿತ್ತು. ನಾನು ಹೋಗುವ ಹೊತ್ತಿಗೆ ಮೋಹನ ಬೈಕನ್ನು ಎರಡನೇ ಗೇರಿನಲ್ಲಿ ಓಡಿಸಿಕೊಂಡು ಬರುತ್ತಿದ್ದ. ಎಡಗೈಯ ಕ್ಲಚ್ ಚೂರು ಹಿಡಿದು ಬಿಟ್ಟ. ಮುಂದಿನ ಚಕ್ರ ಎದೆಯೆತ್ತರಕ್ಕೆ ಎದ್ದಿತು. ಎದ್ದ ತಕ್ಷಣ ಅವನ ಎಡಗಾಲು ಧಡ್ ಅಂತ ತುಳಿಯಿತು. ಬೈಕಿನಲ್ಲಿ ಅಲ್ಲಿರುವುದು ಗೇರ್. ಗೇರ್ ಕೆಳಗೆ ಬಿದ್ದು ಎಂಜಿನ್ ಕಿರುಚಿತು, ಮುಂದಿನ ಚಕ್ರ ನೆಲಕ್ಕೆ ಅಪ್ಪಳಿಸಿ ಗಾಡಿ ತೊನೆದಾಡಿತು. ಬೀಳಲಿಲ್ಲ, ನಮ್ಮಪ್ಪನ ಪುಣ್ಯ.

"ಬಲಗಾಲು ಕಣೋ!" ಆನಂದ ಕೂಗಿದ. "ಜಾಸ್ತಿ ಎದ್ರೆ ಬಲಗಾಲಿನ ಬ್ರೇಕ್ ಒತ್ತು, ತಾನೇ ಇಳೀತದೆ. ಎಡಗಾಲು ಯಾಕ್ ತುಳೀತೀಯ? ಗೇರ್‌ಬಾಕ್ಸ್ ತಿಂದ್ಹಾಕ್ತೀಯ ನೀನು!"

"ನಾನೆಲ್ಲಿ ತುಳಿದ್ನೋ? ಅದೇ ತುಳೀತು," ಅಂದ ಮೋಹನ.

ನನಗೆ ನಗು ಬಂತು. ಇಷ್ಟು ವರ್ಷ ಅಪ್ಪ ಪಳಗಿಸಿದ ಕಾಲು, ಆನಂದ ಹೇಳಿದ ಕೂಡಲೇ ಕೇಳುತ್ತದೆಯೇ! ಇನ್ನು ಇವನು ಕಲಿಯುವುದು ಅಷ್ಟರಲ್ಲೇ ಇದೆ ಅಂತ ನೆಮ್ಮದಿಯಾಯಿತು. ಆದರೆ ಆನಂದ ಮೆಕ್ಯಾನಿಕ್. ಸ್ಪ್ಯಾನರ್ ತೆಗೆದು, ಬೈಕನ್ನು ಎರಡನೇ ಗೇರಿಗೆ ಹಾಕಿ, ಗೇರಿನ ಲಿವರನ್ನೇ ಕಳಚಿ ಜೇಬಿಗಿಟ್ಟುಕೊಂಡ.

"ಈಗ ಎಷ್ಟು ಬೇಕಾದ್ರೂ ತುಳ್ಕೋ, ಅಲ್ಲೇನೂ ಇಲ್ಲ. ನಾಲ್ಕು ದಿನ ಗಾಳಿ ತುಳಿದು ತುಳಿದು ಕಾಲೇ ಮರೀತದೆ," ಅಂದ.

ನನ್ನ ನಗು ಅಲ್ಲೇ ನಿಂತಿತು. ಮರೆಯುವುದು ಅಂದರೇನು? ನಾನು ಹೊಲಿಗೆ ಯಂತ್ರ ತುಳಿದು ಬದುಕುವವಳು. ಕಾಲಿನಲ್ಲಿ ತುಳಿಯುವ ಮೆಷಿನ್ನಿನಿಂದ ಮೋಟಾರಿನ ಮೆಷಿನ್ನಿಗೆ ಬದಲಾದಾಗ ನನ್ನ ಪಾದ ಎಷ್ಟೋ ದಿನ ಸುಮ್ಮಸುಮ್ಮನೆ ಆಡುತ್ತಿತ್ತು. ಈಗ ಹಳೆಯ ಮೆಷಿನ್ ಮುಂದೆ ಕೂತರೆ ಚಕ್ರ ಹಿಂದಕ್ಕೆ ತಿರುಗಿ ದಾರ ಸಿಕ್ಕಾಗುತ್ತದೆ. ನನಗಾದರೆ ಹೋಗುವುದು ದಾರ. ಟ್ರ್ಯಾಕ್ಟರಿನ ಮೇಲೆ ಇವನ ಎಡಗಾಲು ಮರೆತರೆ ಹೋಗುವುದು ಇವನೇ.

ಹಾಗಂತ ಬಾಯಿಬಿಟ್ಟು ಹೇಳಿದೆ. "ಲೇ ಮೋಹನಾ, ಆ ಕಾಲಿಂದ ನೀನು ಬದುಕಿದೀಯ ಕಣೋ. ಅದನ್ನ ಕೆಡಿಸ್ಕೋಬೇಡ."

"ಅಯ್ಯೋ ಅಕ್ಕಾ, ಬೈಕೇ ಬೇರೆ ಟ್ರ್ಯಾಕ್ಟರೇ ಬೇರೆ. ಯಾವುದ್ರ ಮೇಲೆ ಕೂತಿದೀನಿ ಅಂತ ನಂಗೆ ಗೊತ್ತಾಗಲ್ವಾ?"

"ನಿಂಗೆ ಗೊತ್ತಾಗ್ತದೆ. ಕಾಲಿಗೆ?"

ಅವನು ಆಗಲೇ ಬೈಕ್ ತಿರುಗಿಸಿಕೊಂಡು ಹೊರಟಾಗಿತ್ತು.

ಕಲಿತ. ಕಲಿಯದೆ ಬಿಡುವ ಜಾತಿಯಲ್ಲ ಅವನು. ಊಟದ ಮುಂದೆ ಕೂತಾಗ ಬಲಗಾಲು ನೆಲ ಒತ್ತುತ್ತಿತ್ತು, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟು ಒತ್ತುತ್ತಿತ್ತು. ಆನಂದ ಲಿವರನ್ನು ವಾಪಸು ಹಾಕಿದಾಗ ಎಡಗಾಲು ಅದರ ಪಕ್ಕ ಸಾಧುವಿನಂತೆ ಕೂತಿತ್ತಂತೆ. ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಸುಳ್ಳು ಯಾಕೆ ಹೇಳಲಿ, ಮುಂದಿನ ಚಕ್ರ ಎದ್ದು, ಮುಂದಕ್ಕೂ ಬೀಳದೆ ಹಿಂದಕ್ಕೂ ಬೀಳದೆ ನಿಂತ ಆ ಒಂದು ಹದದಲ್ಲಿ ನನ್ನ ತಮ್ಮ ರಸ್ತೆಯುದ್ದಕ್ಕೂ ಹೋದಾಗ ನಾನು ಬೈಯುವುದನ್ನು ಮರೆತು ನೋಡುತ್ತಾ ನಿಂತೆ. ಎಂಜಿನ್ನಿನ ಕಿರುಚಾಟ ಕೂಡ ಅಲ್ಲಿ ತಗ್ಗಿ ಒಂದು ಗುಂಯ್‌ಗುಡುವ ಸದ್ದಾಗಿತ್ತು. ಹುಟ್ಟಿದಾಗಿನಿಂದ ಅಲುಗಾಡುತ್ತಲೇ ಇದ್ದವನು ಅಷ್ಟು ಸುಮ್ಮನೆ ಕೂತದ್ದನ್ನು ಅವತ್ತೇ ನಾನು ನೋಡಿದ್ದು. ಖುಷಿಯಾಯಿತು. ಖುಷಿಯಾದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಅದಾದ ಮೇಲೆ ತೋಟದಲ್ಲಿ ಕಾಯಿ ಕೆಡವುವ ದಿನ ಬಂತು. ನಾನೂ ಊರಿಗೆ ಹೋಗಿದ್ದೆ. ಅಟ್ಟಕ್ಕೆ ಹಾಕುವ ಕಾಯಿಯನ್ನು ತಾನೇ ನೋಡಿ ತುಂಬಿಸಬೇಕು ಅಂತ ಅಪ್ಪನೂ ಕೋಲೂರಿಕೊಂಡು ಬಂದಿದ್ದ. ಟ್ರೈಲರ್ ತುಂಬಿತು. ನಡೆಯಲಾರೆ ಅಂತ ಅಪ್ಪ ಟ್ರ್ಯಾಕ್ಟರಿನ ಎಡಗಡೆ ಮಡ್‌ಗಾರ್ಡ್ ಮೇಲೆ ಕೂತ. ತೋಟದಿಂದ ರಸ್ತೆಗೆ ಹತ್ತುವ ಕಡೆ ಕಡಿದಾದ ಏರು. ನಾನು ಮೇಲೆ ರಸ್ತೆಯಲ್ಲಿ ನಿಂತಿದ್ದೆ.

ಅರ್ಧ ಏರು ಹತ್ತಿದಾಗ ಮುಂದಿನ ಚಕ್ರಗಳು ನೆಲ ಬಿಟ್ಟವು.

"ಎದ್ತು!" ಅಪ್ಪ ಕೂಗಿದ.

ನಾನು ಮೋಹನನ ಮುಖ ನೋಡುತ್ತಿದ್ದೆ. ಅದರಲ್ಲಿ ಭಯವೇ ಇರಲಿಲ್ಲ. ಸರಿಯಾದ್ದನ್ನೇ ಮಾಡುತ್ತಿರುವವನ ಮುಖ ಅದು. ಅವನ ಬಲಗಾಲು ಬ್ರೇಕನ್ನು ಒತ್ತಿ ಹಿಡಿದಿತ್ತು, ಎಡಗಾಲು ಸುಮ್ಮನೆ ಕೂತಿತ್ತು. ಹಿಂದಿನಿಂದ ಟ್ರೈಲರಿನ ಭಾರ ಜಗ್ಗುತ್ತಿತ್ತು, ಎಂಜಿನ್ ಎಳೆಯುತ್ತಲೇ ಇತ್ತು. ಮೂತಿ ಇಳಿಯಲಿಲ್ಲ, ಇನ್ನೂ ಎದ್ದಿತು. ನನಗೆ ಟ್ರ್ಯಾಕ್ಟರಿನ ಹೊಟ್ಟೆ ಕಾಣಿಸಿತು.

ಅಪ್ಪ ಎರಡೂ ಕೈಯಲ್ಲಿ ಕೋಲು ಹಿಡಿದು, ಮಡ್‌ಗಾರ್ಡ್ ಮೇಲಿಂದ ಬಗ್ಗಿ ಕ್ಲಚ್ಚಿನ ಮೇಲೆ ಊರಿದ. ಇಡೀ ಮೈಭಾರ ಹಾಕಿ ಊರಿದ. ಟ್ರ್ಯಾಕ್ಟರ್ ಧೊಪ್ಪನೆ ನೆಲಕ್ಕೆ ಬಿತ್ತು. ಟ್ರೈಲರ್ ಹಿಂದಕ್ಕೆ ಸರಿದು, ಅಡ್ಡ ತಿರುಗಿ, ಒಂದು ತೆಂಗಿನ ಮರಕ್ಕೆ ಒರಗಿ ನಿಂತಿತು. ಕಾಯಿಗಳು ಏರಿನುದ್ದಕ್ಕೂ ಉರುಳಿದವು.

ಮೋಹನ ಇಳಿದು ಬಂದು ತನ್ನ ಕಾಲುಗಳನ್ನೇ ನೋಡುತ್ತಾ ನಿಂತ. ಆಮೇಲೆ ಅಳಲು ಶುರುಮಾಡಿದ.

"ಬೈಕ್ ಮಾರ್ಬಿಡ್ತೀನಿ ಅಪ್ಪಾ. ನಾಳೇನೇ ಮಾರ್ಬಿಡ್ತೀನಿ."

ಅಪ್ಪ ಕೋಲಿನ ತುದಿಗೆ ಮೆತ್ತಿದ ಗ್ರೀಸನ್ನು ಹುಲ್ಲಿಗೆ ಒರೆಸುತ್ತಿದ್ದ. "ಬೈಕ್ ಮಾರಿದ್ರೆ ಕಾಲು ಮರ್ತ್ಬಿಡ್ತದೇನ್ಲಾ?" ಅಂದ. ಬೈದ ಹಾಗಿರಲಿಲ್ಲ ಅದು, ನಿಜವಾಗಿಯೂ ಕೇಳಿದ ಹಾಗಿತ್ತು.

"ಬೈಕ್ ಮಾರು, ಮಡಿಕ್ಕೋ, ಅದು ನಿನ್ನಿಷ್ಟ. ಈ ಗಾಡಿ ಮೇಲೆ ಇನ್ನು ಕೂರ್ಬೇಡ. ಕೀ ಕೊಡು."

ಮೋಹನ ಕೀ ಕೊಟ್ಟ. ಕಾಯಿ ತುಂಬಲು ಬಂದಿದ್ದ ಹಿರೇನಲ್ಲೂರಿನ ಶಿವಕುಮಾರನಿಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತಿತ್ತು. ಅವನು ಗಾಡಿಯನ್ನು ಮನೆಗೆ ತಂದ. ನನ್ನ ತಮ್ಮ ಅದರ ಹಿಂದೆ, ಧೂಳು ಕುಡಿಯುತ್ತಾ, ನಡೆದುಕೊಂಡು ಬಂದ. ಇವನ್ಯಾಕೆ ನಡ್ಕೊಂಡು ಬಂದ ಅಂತ ಅಮ್ಮ ಕೇಳಿದಳು.

ಈಗ ಅವನು ತರೀಕೆರೆಯಲ್ಲಿ ಆನಂದನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಮಧ್ಯಾಹ್ನ ನಮ್ಮನೆಗೆ ಬಂದು ನಿಂತುಕೊಂಡೇ ಉಂಡು ಹೋಗುತ್ತಾನೆ. ಬೈಕ್ ಮಾರಲಿಲ್ಲ, ಹತ್ತುವುದೂ ಅಪರೂಪ. ಟ್ರ್ಯಾಕ್ಟರನ್ನು ಶಿವಕುಮಾರನೇ ಓಡಿಸುತ್ತಾನೆ. ಊರಿನಲ್ಲಿ ಬೀರಪ್ಪನ ಮಗ ಸ್ವಂತ ಗಾಡಿ ಬಿಟ್ಟು ಕಂಡವರ ಹತ್ತಿರ ದುಡಿಯುತ್ತಾನೆ ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಒಂದಿಷ್ಟು ಮಣ್ಣು ಹಾಕಬೇಕು ಅನ್ನಿಸುತ್ತದೆ ನನಗೆ.

ಈ ಸಲ ಕಾಯಿ ಕೆಡವಿದಾಗ ಇಬ್ಬರೂ ಊರಿಗೆ ಹೋಗಿದ್ದೆವು. ಎರಡನೇ ಲೋಡು ಏರು ಹತ್ತುತ್ತಿತ್ತು. ಮೋಹನ ನನ್ನ ಪಕ್ಕದಲ್ಲೇ ನಿಂತಿದ್ದ. ಟ್ರ್ಯಾಕ್ಟರಿನ ಮೂತಿ ಒಂದು ಚೂರು ಎದ್ದಿತು. ಶಿವಕುಮಾರ ಇಳಿಸಿದ. ಅಷ್ಟರಲ್ಲಿ ನನ್ನ ಪಕ್ಕ ಧಡ್ ಅಂತ ಸದ್ದಾಯಿತು. ನೋಡಿದರೆ ನನ್ನ ತಮ್ಮನ ಎಡಗಾಲು ಮಣ್ಣಿನಲ್ಲಿ ಹೂತಿತ್ತು.

ನಾನು ಅವನ ತೋಳು ಹಿಡಿದು ಕುಣಿದುಬಿಟ್ಟೆ. "ಎಡಗಾಲು ಕಣೋ! ಎಡಗಾಲೇ ತುಳಿದೆ ನೀನು! ಬಾ, ಅಪ್ಪಂಗೆ ಹೇಳಿ ಕೀ ಕೊಡಿಸ್ತೀನಿ."

"ಬೇಡ ಕಣಕ್ಕಾ."

"ಯಾಕೋ? ನನ್ ಕಣ್ಣಾರೆ ನೋಡಿದೀನಿ!"

"ಮೊದಲ್ನೇ ಲೋಡು ಹತ್ತುವಾಗ ಬಲಗಾಲು ಒತ್ತಿದ್ದೆ. ನೀನು ಆ ಕಡೆ ತಿರುಗಿದ್ದೆ, ನೋಡ್ಲಿಲ್ಲ," ಅಂದ. "ಒಂದ್ಸಲ ಇದು ಬತ್ತದೆ, ಒಂದ್ಸಲ ಅದು ಬತ್ತದೆ. ಯಾವ್ದು ಬತ್ತದೆ ಅಂತ ಬಂದ್ಮೇಲೇ ನಂಗೂ ಗೊತ್ತಾಗೋದು. ಅಪ್ಪಂಗೆ ಹೇಳ್ಬೇಡ. ಆಸೆ ಪಟ್ಕೊಂಡುಬಿಡ್ತಾನೆ."

ಖಾಲಿ ಟ್ರೈಲರ್ ವಾಪಸು ಬಂತು. ಮೋಹನ ಏರು ಇಳಿದು ಹೋಗಿ ಮೂರನೇ ಲೋಡಿಗೆ ಕಾಯಿ ಎಸೆಯತೊಡಗಿದ.