ಕಡ್ಡಿ ಬಿಡಿಸುವ ದಾದಾಪೀರ್ ಚಾಚಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ದಾದಾಪೀರ್ ಚಾಚಾರ ಫೋನಿನಿಂದ, ಅವರದೇ ದನಿಯಲ್ಲಿ, ನಂದಿಗುಡಿಯ ಗೌಡರಿಗೆ "ಗಾಡಿ ರೆಡಿ ಐತೆ ಗೌಡ್ರೆ, ಬರ್ರಿ" ಎಂದ ಕತ್ತೆ ನಾನೇ. ದನಿ ಎಷ್ಟು ಹೊಂದುತ್ತದೆ ಎಂದು ನೋಡಬೇಕಿತ್ತು, ಅಷ್ಟೆ. ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವ ನನಗೆ ಎಲ್ಲರ ದನಿಯೂ ಬರುತ್ತದೆ, ಬುದ್ಧಿಯೊಂದು ಬರುವುದಿಲ್ಲ.

ತುಕ್ಕು ಹಿಡಿದ ಗೇಟು ತೆರೆದಂಥ ಆ ದನಿ ಕದಿಯಲೆಂದೇ ನಾನು ನಿಟ್ಟುವಳ್ಳಿಯ ಅವರ ಗ್ಯಾರೇಜಿನಲ್ಲಿ ಕೂರುತ್ತಿದ್ದೆ. ಹಳೆಯ ಕಾರುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಕಚ್ಚಿಕೊಂಡ ಭಾಗಗಳನ್ನು ಬಿಡಿಸುವುದು ಚಾಚಾರ ಕಸುಬು. "ಇಲ್ಲಿಂದ ಹರಿಹರದ ಹೊಳೆ ತನಕ ಕೇಳ್ಕಂಡ್ ಬರ್ರಿ, ನನ್ನಂಗೆ ಬಿಡಿಸೋನು ಇದ್ರೆ ಅಂಗಡಿ ಬರೆದು ಕೊಡ್ತೀನಿ" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಜಾಮಾದ ಕಾರ್ಬೊರೇಟರನ್ನು ಮುನಿಸಿಕೊಂಡ ಬೀಗರಂತೆ ಮಾತಾಡಿಸುವರು: "ಬರಂಗಿಲ್ಲೇನ್ರಿ? ಬ್ಯಾಡ ಬಿಡ್ರಿ. ನೀರು ಕಾಯಿಸ್ತೀನಿ, ಸ್ನಾನ ಮಾಡ್ಕಂಡ್ ಬರ್ರಿ." ಆಮೇಲೆ ಚಾಚಿಯ ಇಡ್ಲಿ ಪಾತ್ರೆಯಲ್ಲಿ ಅದಕ್ಕೆ ಸ್ನಾನ. ಕಾದ ಲೋಹ ಕೂದಲೆಳೆಯಷ್ಟು ಹಿಗ್ಗಿದಾಗ ಸಂದಿಗೆ ಎಣ್ಣೆ, ಆರಿದ ಮೇಲೆ ಮತ್ತೆ ಸ್ನಾನ. "ನನಗೆ ಒಂದಿನ ನೀರು ಕಾಯಿಸಿ ಕೊಟ್ಟ ಗಂಡಸಲ್ಲ ಇದು" ಎಂದು ಚಾಚಿ ಒಳಗಿಂದ ಹೇಳುವರು.

ಗೌಡರ ಅಂಬಾಸಿಡರ್ ಭತ್ತದ ಚೀಲಗಳ ನಡುವೆ ವರ್ಷಗಟ್ಟಲೆ ನಿಂತು, ಎಳೆಸಿಕೊಂಡು ಗ್ಯಾರೇಜಿಗೆ ಬಂದಿದ್ದ ಗಾಡಿ. ಆಕ್ಸಿಲರೇಟರ್ ತುಳಿದಾಗ ಹೊರಳಿ ಗಾಳಿಗೆ ದಾರಿ ಬಿಡಬೇಕಾದ ಸಣ್ಣ ಕಡ್ಡಿ ಅದರ ಕಾರ್ಬೊರೇಟರಿನಲ್ಲಿ ಕಚ್ಚಿ ಕೂತಿತ್ತು. ಕಾರ್ಬೊರೇಟರ್ ಇನ್ನೂ ಪಾತ್ರೆಯಲ್ಲಿ ಕುದಿಯುತ್ತಿದ್ದಾಗಲೇ ಗೌಡರು ಹೂವಿನ ಹಾರ, ನಿಂಬೆಹಣ್ಣು ಹಿಡಿದು ಮಗನೊಂದಿಗೆ ಆಟೋದಿಂದ ಇಳಿದರು.

"ರೆಡಿ ಅಂದ್ರಲ್ಲ ಸಾಬ್ರೆ?"

ಚಾಚಾ ನನ್ನನ್ನೊಮ್ಮೆ ನೋಡಿದರು. ನಾನು ಆಟೋ ನೋಡಿದೆ.

"ಅಂದೀನಿ. ಕೂಡ್ರಿ, ಚಾ ಕುಡೀರಿ."

ಮಗನಿಗೆ ತಾಳ್ಮೆ ಇರಲಿಲ್ಲ. "ಇವತ್ತು ಓಡಲಿಲ್ಲ ಅಂದ್ರೆ ಗುಜರಿಗೆ ಅಂತ ಅಪ್ಪಾಜಿ ಒಪ್ಪ್ಯಾರೆ. ಇಕ್ಕಳ ಹಾಕಿ ತಿರುವಿಬಿಡ್ರಿ."

"ನಿನ್ನ ಕಿವಿ ತಿರುವಿದ್ರೆ ನೀನು ಅಳ್ತೀಯ ತಮ್ಮಾ. ಇದು ಅಳಂಗಿಲ್ಲ, ಮುರೀತೈತೆ."

ಗೌಡರು ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚಾಚಾ ಕಾರ್ಬೊರೇಟರನ್ನು ಬಟ್ಟೆಯಲ್ಲಿ ಹಿಡಿದು ತೆಗೆದರು, ಎಣ್ಣೆ ಬಿಟ್ಟರು, ಮರದ ಸುತ್ತಿಗೆಯಿಂದ ಮಲಗಿದವರ ಬಾಗಿಲು ತಟ್ಟಿದಂತೆ ತಟ್ಟಿದರು. ಬೆರಳಿನಿಂದ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ಗುಜರಿ ಎಂದ ಮಗನೇ ಎಲ್ಲರಿಗಿಂತ ಮುಂದೆ ಬಗ್ಗಿದ್ದ. ಕಿರ್ ಎಂದಿತು. ಮತ್ತೆ ಕಿರ್. ಆಮೇಲೆ ಕಡ್ಡಿ ಸದ್ದೇ ಇಲ್ಲದೆ ಹೊರಳಿತು. ಗೌಡರು ಚಾ ಲೋಟದ ಸಮೇತ ಎದ್ದು ನಿಂತರು. ನಾನು ಯಾರದೋ ಹೆಗಲು ಹಿಡಿದು ಕುಣಿದೆ, ನೋಡಿದರೆ ಅದು ಮಗನ ಹೆಗಲು.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಕೆಮ್ಮಿ, ಹೊಗೆ ಕಾರಿ, ಹೊತ್ತಿಕೊಂಡಿತು. ಗೌಡರು ಮಗನನ್ನು ಹಿಂದಿನ ಸೀಟಿಗೆ ಅಟ್ಟಿ, ಗಾಡಿಗೆ ಹಾರ ಹಾಕಿ, ಗಾಲಿಯಿಂದ ನಿಂಬೆಹಣ್ಣು ತುಳಿಸಿ, ಬೀದಿಯುದ್ದಕ್ಕೂ ಹಾರನ್ ಹೊಡೆಯುತ್ತ ಹೋದರು.

ಚಾಚಾ ಈಗಿಲ್ಲ, ಗ್ಯಾರೇಜಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ವೇದಿಕೆಯಲ್ಲಿ ಅವರ ದನಿ ಮಾಡಿದರೆ ಚಪ್ಪಾಳೆಯೇನೋ ಬೀಳುತ್ತದೆ. ಆದರೆ ಅವತ್ತು ಹೊಗೆ ತಿಳಿಯಾದ ಮೇಲೆ ನಾನು, "ತಪ್ಪಾತು ಚಾಚಾ. ಆದ್ರೂ ದನಿ ಥೇಟ್ ನಿಮ್ದೇ ಇತ್ತಲ್ಲ?" ಎಂದಾಗ ಅವರು ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು:

"ದನಿ ನಂದೇ ಬೇಟಾ. ಆದ್ರೆ ಇಷ್ಟು ವರ್ಷದಾಗ ನಾನು ಒಬ್ಬರಿಗಾದ್ರೂ ಗಾಡಿ ರೆಡಿ ಐತೆ ಅಂದಿದ್ದು ಕೇಳೀಯೇನು?"