ಕಾಲಾವಕಾಶ ಕೇಳಿಲ್ಲ

ಶಾಂತವ್ವ, ನೀವು ಕಾಲಾವಕಾಶ ಕೇಳಿದ್ದಿರಿ. ಕೇಳಿಲ್ಲ ಎಂದು ಬರೆದವನು ನಾನು.

ಆಗ ನಾನು ಮುಂಬಯಿಯ ಪರೇಲಿನ ಕಚೇರಿಯೊಂದರಲ್ಲಿ ವಿಚಾರಣಾಧಿಕಾರಿ. ಜೋಪಡಿಗಳನ್ನು ಕೆಡವಿ ಕಟ್ಟುವ ಬಿಲ್ಡಿಂಗಿನಲ್ಲಿ ಯಾರಿಗೆ ಮನೆ, ಯಾರಿಗಿಲ್ಲ ಎಂದು ತೀರ್ಮಾನಿಸುವ ಕೆಲಸ. ನಿಮ್ಮ ಸೆರಗಿನಲ್ಲಿ ಸಿಮೆಂಟಿನ ಧೂಳಿತ್ತು. ಹಳೆಯ ವಾಸದ ಕಾಗದ ಎಲ್ಲಿ ಎಂದು ಕ್ಲರ್ಕ್ ಮರಾಠಿಯಲ್ಲಿ ಕೇಳಿದ. ನೀವು ತಡವರಿಸಿದಿರಿ, ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದಿರಿ: "ಕಾಗದ ಕಲಬುರ್ಗಿಯೊಳಗ ನಮ್ಮ ತಂಗಿ ಕಡಿ ಅದಾವ್ರೀ ಸಾಹೇಬ್ರ. ಎಂಟು ದಿನ ಟೈಮ್ ಕೊಡ್ರಿ, ತರ್ತೀನಿ."

ಅರ್ಥವಾಗದೆ ಏನು — ನಾನು ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಬೆಳೆದವನು. ನಿಮ್ಮ ಸೀಮೆಯ ಕೂಲಿಯವರು ಚಹಾಕ್ಕೆ ಬಂದರೆ ಅಪ್ಪ ಪಲ್ಯದ ಕೈಯನ್ನು ಪಂಚೆಗೆ ಒರೆಸಿಕೊಂಡು ಅವರಿಗೆ ಊರಿನಿಂದ ಬಂದ ಕಾಗದ ಓದಿ ಹೇಳುತ್ತಿದ್ದರು. ಇನ್ನೊಮ್ಮೆ ಎಂದರೆ ಇನ್ನೊಮ್ಮೆ. ಕಾವಲಿಯ ಮೇಲೆ ದೋಸೆ ಚುರ್ ಎನ್ನುತ್ತಿತ್ತು, ಯಾರದೋ ಕಣ್ಣು ಒದ್ದೆಯಾಗುತ್ತಿತ್ತು. ಎಂಥ ದಿನಗಳು! ಅಲ್ಲೀಗ ಮೊಬೈಲ್ ಅಂಗಡಿ. ಆದರೂ ಆ ದಾರಿಯಲ್ಲಿ ಹೋದರೆ ಕಾಲು ತಾನಾಗಿ ನಿಲ್ಲುತ್ತದೆ.

ಅಂಥವರ ಮಗನಾದ ನಾನು ಅರ್ಥವಾಗದವನಂತೆ ಕುಳಿತೆ. ನಾನು ಕನ್ನಡದವರ ಪರ ಎಂದು ಕಚೇರಿಯಲ್ಲಿ ಗುಸುಗುಸು ಇತ್ತು — ಸುಳ್ಳು. ಆದರೆ ಬಡ್ತಿಯ ಪಟ್ಟಿ ಹೊರಡುವುದರಲ್ಲಿತ್ತು, ಮತ್ತು ನಾನು ಹೇಡಿ. ಇವರು ಏನನ್ನುತ್ತಾರೆ ಎಂದು ಕ್ಲರ್ಕ್ ಕೇಳಿದಾಗ "ಕಾಯ್ ಮಾಹೀತ್" ಅಂದೆ. ಯಾರಿಗೆ ಗೊತ್ತು! ಆಮೇಲೆ ನನ್ನ ಕೈಯಾರೆ ಬರೆದೆ: ದಾಖಲೆಯಿಲ್ಲ, ಕಾಲಾವಕಾಶ ಕೇಳಿಲ್ಲ, ಅನರ್ಹರು.

ಹೊರಡುವಾಗ ನೀವು ಬಾಗಿಲಲ್ಲಿ ಎಡವಿದಿರಿ. ನನ್ನ ಬಾಯಿ ತಡೆಯಲಿಲ್ಲ — "ಮೆಟ್ಟಿಲುಂಟು, ನೋಡಿ!"

ನೀವು ತಿರುಗಿದಿರಿ. "ಸಾಹೇಬ್ರ... ನಿಮಗ ಕನ್ನಡ ಬರ್ತದೇನ್ರಿ?"

ಆಗಲೂ ತಿದ್ದಬಹುದಿತ್ತು, ಸಹಿಯ ಶಾಯಿ ಆರಿರಲಿಲ್ಲ. ನಾನು ಫೈಲಿನಲ್ಲಿ ಮುಖ ಹುದುಗಿಸಿದೆ. ಮೇಲ್ಮನವಿಯಲ್ಲೂ ನನ್ನ ಸಾಲನ್ನೇ ನಂಬಿದರು. ಜೋಪಡಿಯ ನಿಮ್ಮ ಖೋಲಿ ಹೋಯಿತು, ಬದಲಿಗೆ ಮನೆಯೂ ಸಿಗಲಿಲ್ಲ.

ನಿವೃತ್ತನಾಗಿ ವಿಲೆ ಪಾರ್ಲೆಯಲ್ಲಿದ್ದೇನೆ. ನಿಮ್ಮನ್ನು ಹುಡುಕಿದೆ; ಹಳೆಯ ನೆರೆಯವರಿಗೂ ಗೊತ್ತಿಲ್ಲ. ಆ ಆದೇಶ ಸುಳ್ಳೆಂದು ಅಫಿಡವಿಟ್ ಬರೆದಿದ್ದೇನೆ, ನಾಳೆ ಲೋಕಲ್ ರೈಲು ಹಿಡಿದು ಅದೇ ಕಚೇರಿಗೆ ಕೊಡುತ್ತೇನೆ. ಅದರಿಂದ ನಿಮಗೆ ಮನೆ ಸಿಗುತ್ತದೋ... ಹೇಳಲಾರೆ.

ಅಂದು ಬಾಗಿಲಲ್ಲಿ ನಿಂತು ಕೇಳಿದಿರಲ್ಲ. ಬರ್ತದೆ, ಶಾಂತವ್ವ. ಅಂದೂ ಬರ್ತಿತ್ತು.